ಸಾವಿರ ಡಾಲರಿನ ಅಕ್ಷರ

ಅಮೆರಿಕದ ಟೆಕ್ಸಾಸ್ ರಾಜ್ಯದ ಶಾಸನಸಭೆ 1975ರಲ್ಲಿ ಒಂದು ಕಾನೂನು ಮಾಡಿತು. ಕಾಗದಪತ್ರವಿಲ್ಲದೆ ದೇಶದೊಳಕ್ಕೆ ಬಂದ ಮಕ್ಕಳ ಓದಿಗೆ ರಾಜ್ಯ ದುಡ್ಡು ಕೊಡುವುದಿಲ್ಲ. ಅಂಥವರನ್ನು ಶಾಲೆಗಳು ಸೇರಿಸಿಕೊಳ್ಳದೆಯೂ ಇರಬಹುದು. ಯಾರ ಮಕ್ಕಳು ಅಂತ ಅದರಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಮೆಕ್ಸಿಕೋದಿಂದ ಗುಳೆ ಬಂದ ಕೂಲಿಗಳ ಮಕ್ಕಳೆಂದು ಎಲ್ಲರಿಗೂ ಗೊತ್ತಿತ್ತು.

ಈ ಕೂಲಿಗಳು ಬೇಲಿ ಹಾರಿ ಬಂದ ಕಳ್ಳರೆ? ಚರಿತ್ರೆ ಬೇರೆಯೇ ಹೇಳುತ್ತದೆ. ಟೆಕ್ಸಾಸಿನ ನೆಲವೇ 1836ರವರೆಗೆ ಮೆಕ್ಸಿಕೋದ್ದು. ಎರಡನೆಯ ಮಹಾಯುದ್ಧದಲ್ಲಿ ಹೊಲಗಳಿಗೆ ಆಳು ಸಾಲದೆ ಹೋದಾಗ, 1942ರಲ್ಲಿ ಅಮೆರಿಕ ಸರ್ಕಾರವೇ ಮೆಕ್ಸಿಕೋ ಜೊತೆ ಒಪ್ಪಂದ ಮಾಡಿಕೊಂಡು ಕೂಲಿಗಳನ್ನು ಕರೆಸಿತು. 'ಬ್ರಸೆರೊ' ಯೋಜನೆ ಅಂತ ಅದರ ಹೆಸರು. ಇಪ್ಪತ್ತೆರಡು ವರ್ಷ ದುಡಿಸಿಕೊಂಡು 1964ರಲ್ಲಿ ಅದನ್ನು ನಿಲ್ಲಿಸಿದರು. ಮರುವರ್ಷದ ವಲಸೆ ಕಾಯಿದೆ, ಆ ಕಡೆಯಿಂದ ಬರುವವರಿಗೆ ಅಲ್ಲಿಯತನಕ ಇಲ್ಲದಿದ್ದ ಸಂಖ್ಯೆಯ ಮಿತಿ ಹಾಕಿತು. ಅದೇ ಜನ, ಅದೇ ಹೊಲ, ಅದೇ ಬಿಸಿಲು. ನಿನ್ನೆ ಕರೆಸಿಕೊಂಡವನು ಇವತ್ತು ಅಪರಾಧಿ.

ಧಣಿ ಮಾತ್ರ ಅಪರಾಧಿಯಲ್ಲ! 1952ರ ಕಾಯಿದೆಯಲ್ಲಿ ಒಂದು ಕಿಂಡಿ ಇಟ್ಟಿದ್ದರು. ಕಾಗದವಿಲ್ಲದವನಿಗೆ ಆಶ್ರಯ ಕೊಡುವುದು ತಪ್ಪು, ಆದರೆ ಕೂಲಿಗೆ ಇಟ್ಟುಕೊಂಡರೆ ಅದು ಆಶ್ರಯವಲ್ಲ. ಟೆಕ್ಸಾಸಿನ ದೊಡ್ಡ ಜಮೀನ್ದಾರರ ಒತ್ತಡಕ್ಕೆ ಬಂದ ಈ ಕಿಂಡಿಗೆ 'ಟೆಕ್ಸಾಸ್ ಪ್ರೊವೈಸೊ' ಎಂದೇ ಹೆಸರು. 1986ರವರೆಗೆ ಅದು ತೆರೆದೇ ಇತ್ತು. ಬೆವರು ಒಳಗೆ ಬರಬಹುದು, ಬೆವರು ಸುರಿಸಿದವನ ಮಗು ಶಾಲೆಯ ಒಳಗೆ ಬರಕೂಡದು. ಇಂಥ ನ್ಯಾಯ ನಮಗೇನೂ ಹೊಸದಲ್ಲ ಬಿಡಿ.

ಗುಲಾಬಿ ಬೆಳೆಗೆ ಹೆಸರಾದ ಟೈಲರ್ ಊರಿನ ಶಾಲಾ ಮಂಡಳಿ 1977ರಲ್ಲಿ, ಇಂಥ ಮಕ್ಕಳು ವರ್ಷಕ್ಕೆ ತಲಾ ಸಾವಿರ ಡಾಲರ್ ಶುಲ್ಕ ಕಟ್ಟಬೇಕೆಂದಿತು. ಕೂಲಿಯವನು ಎಲ್ಲಿಂದ ತರಬೇಕು? ನಾಲ್ಕು ಕುಟುಂಬಗಳು ಕೋರ್ಟಿಗೆ ಹೋದವು. ಹೆಸರು ಹೇಳಿದರೆ ಗಡೀಪಾರಿನ ಭಯ. ಅದಕ್ಕೇ ಸುಳ್ಳು ಹೆಸರಲ್ಲಿ ದಾವೆ. ನ್ಯಾಯಾಧೀಶ ವಿಲಿಯಂ ವೇನ್ ಜಸ್ಟಿಸ್, ಟೆಕ್ಸಾಸ್ ಶಾಲೆಗಳಲ್ಲಿ ಕರಿಯರ-ಬಿಳಿಯರ ಬೇರ್ಪಡೆ ಮುರಿಯಲು ಆಜ್ಞೆ ಹೊರಡಿಸಿದ್ದವರು. ಇವರು ಯಾರ ಕಣ್ಣಿಗೂ ಬೀಳದಿರಲೆಂದು ವಿಚಾರಣೆಯನ್ನು ಬೆಳಗಿನ ಆರು ಗಂಟೆಗೇ ಇಟ್ಟರು. ಒಂದು ಕುಟುಂಬ ಮನೆಯ ಸಾಮಾನೆಲ್ಲ ಕಾರಿಗೆ ತುಂಬಿಕೊಂಡೇ ಬಂದಿತ್ತು. ಕೋರ್ಟಿನಿಂದ ಹಾಗೇ ಗಡಿಯಾಚೆ ಅಟ್ಟಿದರೆ? ಮಗುವಿಗೆ ನಾಲ್ಕಕ್ಷರ ಬೇಕೆಂದು ಇರುವ ಬದುಕನ್ನೇ ಪಣಕ್ಕಿಟ್ಟು ಬಂದಿದ್ದರು.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಇವರಿಗೆ ಸಂವಿಧಾನದ ಸಮಾನ ರಕ್ಷಣೆ ಸಲ್ಲದು ಅಂತ ಟೆಕ್ಸಾಸ್ ವಾದ. ಆ ರಕ್ಷಣೆ ಬಂದದ್ದು, ಗುಲಾಮಗಿರಿ ಅಳಿದ ಮೇಲೆ ಕರಿಯರ ಹಕ್ಕಿಗಾಗಿ 1868ರಲ್ಲಿ ಸೇರಿಸಿದ ಹದಿನಾಲ್ಕನೆಯ ತಿದ್ದುಪಡಿಯಿಂದ. ಅದರಲ್ಲಿರುವ ಪದ 'ಪ್ರಜೆ' ಅಲ್ಲ, 'ವ್ಯಕ್ತಿ'. ಕರಿಯರು ನೆತ್ತರು ಬಸಿದು ಗಳಿಸಿದ ಆ ಒಂದು ಪದ ಮೆಕ್ಸಿಕೋದ ಮಕ್ಕಳನ್ನು ಕಾಪಾಡಿತು. 1982ರ ಜೂನ್ 15ರಂದು ಕೋರ್ಟು ಕಾನೂನನ್ನು ಹೊಡೆದುಹಾಕಿತು. ಅಗ್ಗದ ಕೂಲಿಗೆ ಬೇಕು, ಸೌಲಭ್ಯಕ್ಕೆ ಬೇಡ ಎಂಬ ಜನವರ್ಗವೊಂದು ಶಾಶ್ವತವಾಗಿ ಹುಟ್ಟಿಕೊಳ್ಳುವ ಅಪಾಯವನ್ನು ಹೇಳುವಾಗ ನ್ಯಾಯಮೂರ್ತಿ ಬ್ರೆನನ್ ಬಳಸಿದ ಪದ 'ಕಾಸ್ಟ್'. ಜಾತಿ! ಅಲ್ಲಿ ಕೂತು ಬರೆದ ಅವರಿಗೂ ಬೇರೆ ಪದ ಸಿಗಲಿಲ್ಲ ನೋಡಿ.

ಗೆದ್ದದ್ದು ಐದಕ್ಕೆ ನಾಲ್ಕರಿಂದ, ಒಂದೇ ಮತ.

ಅದಕ್ಕೇ ಆ ಬಾಗಿಲನ್ನು ಮತ್ತೆ ಮತ್ತೆ ಒದೆಯುತ್ತಾರೆ. 1994ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಇಂಥದೇ ಕಾನೂನಿಗೆ ಒಪ್ಪಿಗೆ ಕೊಟ್ಟರು, ಕೋರ್ಟು ತಡೆಯಿತು. 2011ರಲ್ಲಿ ಅಲಬಾಮ ರಾಜ್ಯ, ಹೊಸದಾಗಿ ಸೇರುವ ಮಕ್ಕಳ ಕಾಗದ ನೋಡಿರಿ ಅಂತ ಶಾಲೆಗಳಿಗೆ ಹೇಳಿತು. ಮೇಷ್ಟ್ರನ್ನೇ ಪೊಲೀಸನನ್ನಾಗಿ ಮಾಡುವ ಕೆಲಸ. ಸಾವಿರಾರು ಮಕ್ಕಳು ಶಾಲೆ ಬಿಟ್ಟರು, ಕೂಲಿಗಳು ರಾತ್ರೋರಾತ್ರಿ ಊರು ಬಿಟ್ಟರು, ಟೊಮ್ಯಾಟೊ ಗಿಡದಲ್ಲೇ ಕೊಳೆಯಿತು. ಅದೇ ಕಾನೂನಿನಡಿ ಮರ್ಸಿಡಿಸ್ ಬೆಂಜ್ ಕಂಪನಿಯ ಜರ್ಮನ್ ಅಧಿಕಾರಿಯೊಬ್ಬನೂ ಸಿಕ್ಕಿಬಿದ್ದ. ಬೇಗನೆ ಬಿಡುಗಡೆಯೂ ಆದ. ಶಾಲೆಯ ಕಲಮನ್ನು 2012ರಲ್ಲಿ ಮೇಲಿನ ಕೋರ್ಟು ರದ್ದು ಮಾಡಿತು.

ಟೈಲರಿನಲ್ಲಿ ಆ ಮೊಕದ್ದಮೆ ಸೋತ ಶಾಲಾ ಅಧಿಕಾರಿ ಜೇಮ್ಸ್ ಪ್ಲೈಲರ್, ತಾನು ಸೋತದ್ದೇ ಒಳ್ಳೆಯದಾಯಿತೆಂದು ಮುಪ್ಪಿನಲ್ಲಿ ಹೇಳಿದರು. ಅದೇ ಟೆಕ್ಸಾಸಿನ ಗವರ್ನರ್ ಗ್ರೆಗ್ ಆಬಟ್ 2022ರಲ್ಲಿ, ಆ ತೀರ್ಪನ್ನು ಮತ್ತೆ ಕೋರ್ಟಿನಲ್ಲಿ ಪ್ರಶ್ನಿಸಬೇಕು ಎಂದರು.