ಜೌಗಿನಲ್ಲಿ ಸಿಕ್ಕಿದ ಬಂಜೆ ಭತ್ತ

ಭತ್ತದ ಹೂವಿಗೆ ದುಂಬಿಯ ಹಂಗಿಲ್ಲ. ಪ್ರತಿ ಪುಟ್ಟ ಹೂವಿನಲ್ಲೂ ಆರು ಕೇಸರಗಳು, ಅಂಡಾಶಯ ಒಟ್ಟಿಗೇ ಇರುತ್ತವೆ. ಹಗಲಿನಲ್ಲಿ ಸ್ವಲ್ಪ ಹೊತ್ತು ಹೂ ಬಾಯಿ ತೆರೆಯುವಷ್ಟರಲ್ಲಿ ತನ್ನದೇ ಪರಾಗ ತನ್ನ ಮೇಲೆ ಉದುರಿರುತ್ತದೆ. ರೈತ ತನ್ನ ಗದ್ದೆಯ ಭತ್ತವನ್ನೇ ಬೀಜಕ್ಕೆ ಎತ್ತಿಟ್ಟರೂ ತಳಿ ಬೇಗ ಕೆಡದಿರುವುದು ಇದರಿಂದಲೇ.

ಆದರೆ ಸಂಕರ ತಳಿ ಬಯಸುವವರಿಗೆ ಈ ಗುಣವೇ ಅಡ್ಡಿ. ಎರಡು ತಳಿಗಳ ಮೊದಲ ಸಂತತಿ ತಂದೆ-ತಾಯಿಗಿಂತ ಹುಲುಸಾಗಿ ಬೆಳೆಯುವುದುಂಟು. ಮುಸುಕಿನ ಜೋಳದಲ್ಲಾದರೆ ತುದಿಯ ಗಂಡು ಹೂಗೊಂಚಲನ್ನು ಕಿತ್ತರೆ ಸಾಕು. ಭತ್ತದಲ್ಲಿ ಲಕ್ಷಾಂತರ ಹೂಗಳ ಕೇಸರ ಕೀಳುವವರು ಯಾರು?

ಚೀನಾ 1959ರಿಂದ 1961ರವರೆಗೆ ಘೋರ ಕ್ಷಾಮವನ್ನು ಕಂಡಿತ್ತು. ಹುನಾನ್ ಪ್ರಾಂತ್ಯದ ಕೃಷಿ ಶಾಲೆಯ ಅಧ್ಯಾಪಕ ಯುವಾನ್ ಲಾಂಗ್‌ಪಿಂಗ್ 1964ರಲ್ಲಿ, ಹುಟ್ಟಿನಿಂದಲೇ ಪರಾಗ ಸತ್ತಿರುವ ಗಿಡಗಳನ್ನು ಗದ್ದೆಯಲ್ಲಿ ಹುಡುಕತೊಡಗಿದರು. ಕೆಲವು ಸಿಕ್ಕವು. ಆದರೆ ಆ ಬಂಜೆತನ ಮುಂದಿನ ಪೀಳಿಗೆಯ ಎಲ್ಲ ಗಿಡಗಳಿಗೂ ಇಳಿಯಲಿಲ್ಲ. ಕೊನೆಗೆ ಅವರ ಗಮನ ಭತ್ತದ ಬಂಧುವಾದ ಕಾಡುಭತ್ತದತ್ತ ಹೊರಳಿತು.

1970ರ ನವೆಂಬರ್‌ನಲ್ಲಿ ಅವರ ಸಹಾಯಕ ಲಿ ಬಿಹು ಹೈನಾನ್ ದ್ವೀಪದ ಸಾನ್ಯಾ ಬಳಿಯ ಜೌಗಿನಲ್ಲಿ ಅಂಥ ಒಂದು ಕಾಡುಗಿಡವನ್ನು ಕಂಡರು. ಅದನ್ನು ನಾಡಭತ್ತದೊಂದಿಗೆ ಮತ್ತೆ ಮತ್ತೆ ಸಂಕರಗೊಳಿಸಿದಾಗ, ಬಂಜೆತನ ತಾಯಿಯ ಕೋಶದ್ರವ್ಯದ ಮೂಲಕ ಪೀಳಿಗೆಯಿಂದ ಪೀಳಿಗೆಗೆ ಉಳಿದುಬಂತು. ಈ ತಾಯಿ ಸಾಲು, ಅದನ್ನು ಉಳಿಸುವ ಸಾಲು, ಫಲವಂತಿಕೆ ಮರಳಿಸುವ ತಂದೆ ಸಾಲು - ಈ ಮೂರೂ 1973ರಲ್ಲಿ ಕೈಗೂಡಿದವು. ಬೀಜದ ಗದ್ದೆಯಲ್ಲಿ ತಂದೆ, ತಾಯಿ ಸಾಲುಗಳನ್ನು ಅಕ್ಕಪಕ್ಕ ನೆಟ್ಟು, ಹೂ ಬಿಟ್ಟಾಗ ಹಗ್ಗ ಎಳೆದು ಪರಾಗ ಉದುರಿಸುವ ರೂಢಿ ಬಂತು. 1976ರಿಂದ ಹೈಬ್ರಿಡ್ ಭತ್ತ ಚೀನಾದಲ್ಲಿ ವ್ಯಾಪಕವಾಗಿ ಹರಡಿತು. ಇಳುವರಿ ಸುಮಾರು ಶೇ 20ರಷ್ಟು ಏರಿತು.

ಮಂಡ್ಯದ ವಿ.ಸಿ. ಫಾರ್ಮ್‌ನಿಂದ 1996ರಲ್ಲಿ ಬಿಡುಗಡೆಯಾದ ಕೆಆರ್‌ಎಚ್-2 ತಳಿಯ ತಾಯಿ ಸಾಲಿನಲ್ಲಿರುವುದೂ ಆ ಜೌಗಿನ ಗಿಡದ ಬಂಜೆತನವೇ.

ಇದಕ್ಕೆ ರೈತ ತೆರುವ ಬೆಲೆಯೂ ಉಂಟು. ಹೈಬ್ರಿಡ್ ಭತ್ತದ ಕಾಳನ್ನೇ ಮತ್ತೆ ಬಿತ್ತಿದರೆ ಗುಣಗಳು ಚೆದುರಿ ಗಿಡಕ್ಕೊಂದು ಬಗೆಯಾಗುತ್ತವೆ. ಪ್ರತಿವರ್ಷವೂ ಬೀಜ ಕೊಳ್ಳಲೇಬೇಕು. ಮನೆಯ ಬೀಜದ ಕಣಜ ಬರಿದಾಗುತ್ತದೆ.

ಇತ್ತ ಕಾಡುಭತ್ತದ ನೆಲೆಗಳೂ ಕುಗ್ಗುತ್ತಿವೆ. ಗದ್ದೆಯೊಳಗೆ ಅದು ಕಳೆಯೇ ನಿಜ; ರೈತ ಕಿತ್ತೆಸೆಯುವುದು ತಪ್ಪಲ್ಲ. ಆದರೆ ಜೌಗುಗಳನ್ನೇ ಬತ್ತಿಸಿ ಮಣ್ಣು ತುಂಬಿದರೆ, ಮುಂದೊಮ್ಮೆ ಹುಡುಕಿ ಹೋದವರಿಗೆ ಅಂಥ ಗಿಡ ಎಲ್ಲಿ ಸಿಕ್ಕೀತು?