ಸಂಪು ಎಷ್ಟು ಲೀಟರಿಂದು? ನಮ್ಮ ಸೀಮೆಯ ನೀರಿನ ಲೆಕ್ಕ, ಹತ್ತು ಭಾಗದಲ್ಲಿ

1/10
ಮನೆ ಕಟ್ಟಿಸ್ತಿರೋ ಯಾರನ್ನಾದ್ರೂ ಕೇಳಿ ನೋಡಿ, "ಸಂಪು ಎಷ್ಟು ಲೀಟರಿಂದು?" ಬಹಳ ಜನ "ಎಲ್ರೂ ಮಾಡ್ಸೋ ಅಷ್ಟೇ" ಅಂತಾರೆ. ಟೈಲ್ಸ್ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುತೀವಿ, ಮುಂಬಾಗಿಲು ತೇಗದ್ದೋ ಹೊನ್ನೆದೋ ಅಂತ ವಾರಗಟ್ಟಲೆ ಮಾತಾಡ್ತೀವಿ. ನೀರು ಕೂಡಿಡೋ ಗುಂಡಿಯ ಅಳತೆ ಮಾತ್ರ ಮೇಸ್ತ್ರಿ ಬಾಯಿಗೆ ಬಂದಿದ್ದು.

ಆದ್ರೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಜನ ಈ ಪ್ರಶ್ನೆಗೆ ನೂರಾರು ವರ್ಷದಿಂದ ಉತ್ತರ ಹುಡುಕ್ತಾ ಬಂದಿದ್ದಾರೆ. ಆ ಉತ್ತರಗಳ ಕಥೆ ಈ ಸರಣಿ. ಬಿಕಾಂ ಗೆಳೆಯರೇ, ಕಾಸ್ಟ್ ಅಕೌಂಟಿಂಗ್ ನೋಟ್ಸ್ ಪಕ್ಕದಲ್ಲೇ ಇಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ. ಉಳಿದವರು ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

2/10
ನಮ್ಮ ಹಿರೀಕರು ರಾಗೀನ ಹಗೇವಲ್ಲಿ ಇಡ್ತಿದ್ರು. ಹಗೇವು ಅಂದ್ರೆ ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳ್ಳೇ ಬೆಳೆ ಬಂದ ವರ್ಷ ತುಂಬಿಸೋದು, ಬರ ಬಂದ ವರ್ಷ ತೆಗೆಯೋದು. ರಾಗಿ ವರ್ಷಗಟ್ಟಲೆ ಕೆಡದೆ ಇರ್ತಿತ್ತು.

ನೀರಿಗೂ ಇದೇ ಬುದ್ಧಿ ಬೇಕಿತ್ತು. ಮಂಡ್ಯ ಜಿಲ್ಲೇಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 700 ಮಿ.ಮೀ. ತೀರಾ ಕಮ್ಮಿ ಏನಲ್ಲ. ತೊಂದರೆ ಇರೋದು ಹಂಚಿಕೇಲಿ. ಮೇ ತಿಂಗಳಲ್ಲಿ ಒಂದಷ್ಟು, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜಾಸ್ತಿ. ಡಿಸೆಂಬರ್ ಬಂತು ಅಂದ್ರೆ ಮಾರ್ಚ್ ಮುಗಿಯೋವರೆಗೂ ಆಕಾಶ ಹೆಚ್ಚುಕಮ್ಮಿ ಖಾಲಿ.

ಅದಕ್ಕೇ ಊರೂರಿಗೂ ಕಟ್ಟೆ, ಕೆರೆ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಗೆ ಹೆಸರಲ್ಲೇ ಕೆರೆ ಇದೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ನೋಡಿದ್ರೆ ಎರಡು ಗುಡ್ಡದ ನಡುವಿನ ಕಂಡಿಗೆ ಏರಿ ಹಾಕಿದ್ದಾರೆ, ಅಷ್ಟೇ. ಹೊಯ್ಸಳ ವಿಷ್ಣುವರ್ಧನನ ಕಾಲ, ರಾಮಾನುಜಾಚಾರ್ಯರ ಹೆಸರು ಇದರ ಜೊತೆ ಸೇರ್ಕೊಂಡಿದೆ. ಈಗ ನಾವು ರೀಲ್ಸ್ ಮಾಡೋಕೆ ಹೋಗ್ತೀವಲ್ಲ, ಅದೇ ಕೆರೆ.

3/10
ಈ ಫೋಟೋನ ಸ್ವಲ್ಪ ಜೂಮ್ ಮಾಡಿ. ಕೆರೆ ಅಂದ್ರೆ ಬರೀ ನೀರು ನಿಂತಿರೋ ಜಾಗ ಅಲ್ಲ. ಅದಕ್ಕೆ ಐದು ಅಂಗ.

ಏರಿ: ನೀರನ್ನ ತಡೆಯೋ ಗೋಡೆ.
ತೂಬು: ಬೇಕಾದಾಗ, ಬೇಕಾದಷ್ಟು ಬಿಡೋ ಬಾಯಿ.
ಕೋಡಿ: ಹೆಚ್ಚಾದದ್ದು ಏರಿ ಒಡೆಯದ ಹಾಗೆ ಹೊರಗೆ ಹೋಗೋ ದಾರಿ.
ಹೂಳು: ನೀರಿನ ಜೊತೆ ಬಂದು ತಳ ಸೇರೋ ಮಣ್ಣು. ಬೇಸಿಗೇಲಿ ತೆಗೆದು ಹೊಲಕ್ಕೆ ಹೊಡೀತಿದ್ರು, ಕೆರೆಯೂ ಆಳ ಆಗ್ತಿತ್ತು, ಹೊಲಕ್ಕೂ ಗೊಬ್ಬರ.
ನೀರುಗಂಟಿ: ತೂಬು ಎತ್ತಿ, ಗದ್ದೆಗದ್ದೆಗೂ ಪಾಲು ಹಂಚೋ ಮನುಷ್ಯ. ಸುಗ್ಗೀಲಿ ಅವನಿಗೆ ಕಾಳು ಕೊಡ್ತಿದ್ರು.

ಇದನ್ನ ನೆನಪಲ್ಲಿ ಇಟ್ಕೊಳ್ಳಿ. ಮನೆ ಸಂಪಿಗೂ ಇದೇ ಐದು ಬೇಕು. ಮೊದಲ ನಾಲ್ಕನ್ನ ಮೇಸ್ತ್ರಿ ಮಾಡಿಕೊಡಬಹುದು. ಐದನೇದು ಮನೆಯವರೇ ಆಗ್ಬೇಕು.

4/10
ಮೇಲುಕೋಟೆ ಬೆಟ್ಟದ ಮೇಲಿರೋ ಊರು. ಹೊಳೆ ಇಲ್ಲ, ನಾಲೆ ಇಲ್ಲ. ಬಂಡೆ ಮೇಲೆ ಬಿದ್ದ ಮಳೇನೇ ಗತಿ. ಆದ್ರೂ ಅಲ್ಲಿ ದೇವಸ್ಥಾನ, ಮಠ, ಪಾಠಶಾಲೆ, ವೈರಮುಡಿಗೆ ಬರೋ ಜನಸಾಗರ, ಎಲ್ಲಾನೂ ಶತಮಾನಗಳಿಂದ ನಡೆದಿದೆ. ಹೇಗೆ? ಕಲ್ಯಾಣಿ ಮತ್ತು ಕೊಳಗಳಿಂದ. ಇಳಿಜಾರಲ್ಲಿ ಎಲ್ಲಿ ನೀರು ಬಂದು ನಿಲ್ಲುತ್ತೋ ಅಲ್ಲೆಲ್ಲ ಕಲ್ಲು ಕಟ್ಟಿ ಹಿಡಿದಿಟ್ರು.

ಅಲ್ಲಿ ಅಕ್ಕ ತಂಗಿ ಕೊಳ ಅಂತ ಜೋಡಿ ಕೊಳ ಇದೆ. ಪಕ್ಕಪಕ್ಕದಲ್ಲೇ ಇದ್ರೂ ಒಂದರ ನೀರು ಕುಡಿಯೋಕೆ, ಇನ್ನೊಂದರದ್ದು ಬಳಸೋಕೆ ಅಂತ ಹೇಳ್ತಾರೆ. ಯಾಕೆ ಹಾಗೆ ಅನ್ನೋದಕ್ಕೆ ಕಥೆ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ನಮ್ಮ ವಿಷಯಕ್ಕೆ ಬೇಕಾದ್ದು ಇಷ್ಟು: ಕುಡಿಯೋ ನೀರು ಬೇರೆ, ಬಳಕೆ ನೀರು ಬೇರೆ. ಎರಡನ್ನೂ ಒಂದೇ ಗುಂಡಿಗೆ ಹಾಕಿದ್ರೆ ಒಳ್ಳೇ ನೀರಲ್ಲೇ ಬಚ್ಚಲು ತೊಳೀತೀವಿ.

5/10
ಈಗ ಮಳವಳ್ಳಿ ಕಡೆ ಬನ್ನಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ತೆಗೆದು, 140 ಕಿ.ಮೀ.ಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ರು. ಆ ಕಾಲಕ್ಕೆ ದೊಡ್ಡ ಸಾಹಸ. ಆದ್ರೆ ಒಂದು ಕಷ್ಟ ಇತ್ತು. ಮಳೆಗಾಲದಲ್ಲಿ ಭೋರ್ಗರೆಯೋ ಹೊಳೆ ಬೇಸಿಗೇಲಿ ಸಣ್ಣಗಾಗ್ತಿತ್ತು. ಗಣಿಗೆ ಮಾತ್ರ ಕರೆಂಟ್ ವರ್ಷಪೂರ್ತಿ ಬೇಕು.

ಹಾಗಾಗಿ ಮೇಲ್ಗಡೆ ನೀರು ಕೂಡಿಡ್ಲೇಬೇಕಾಯ್ತು. ಕನ್ನಂಬಾಡಿ ಕಟ್ಟೆ ಕಟ್ಟೋಕೆ ಇದ್ದ ಕಾರಣಗಳಲ್ಲಿ ಇದೂ ಒಂದು, ನೀರಾವರಿ ಇನ್ನೊಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಯೋಜನೆಯಂತೆ 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗೀತು. ಸಿಮೆಂಟ್ ಬದಲು ಸುಣ್ಣ, ಸುರ್ಕಿ ಗಾರೆ. ಭರ್ತಿ ಮಟ್ಟ 124.80 ಅಡಿ. ಸಾಮರ್ಥ್ಯ ಸುಮಾರು 49.45 ಟಿಎಂಸಿ. ಲೀಟರ್‌ನಲ್ಲಿ ಹೇಳಿದ್ರೆ 1.4 ಲಕ್ಷ ಕೋಟಿ.

ಗಮನಿಸಿ, ಕಟ್ಟೆ ಬೇಕಾಗಿದ್ದು ಮಳೆಗಾಲಕ್ಕಲ್ಲ, ಬೇಸಿಗೆಗೆ. ಇನ್ನೊಂದು ವಿಷಯಾನೂ ಮರೀಬಾರ್ದು. ನೀರು ಕೂಡಿಡೋಕೆ ಜಾಗ ಬೇಕು, ಆ ಜಾಗಕ್ಕೆ ಯಾರೋ ಬೆಲೆ ಕೊಟ್ಟಿರ್ತಾರೆ. ಹಳೇ ಕನ್ನಂಬಾಡಿ ಊರೇ ನೀರೊಳಗೆ ಹೋಯ್ತು.

6/10
ಆಮೇಲೆ ನಾಲೆ ಬಂತು. ಮೊದಲು ವೈಸರಾಯ್ ಹೆಸರಲ್ಲಿ ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ, ನಮ್ಮ ಬಾಯಲ್ಲಿ ವಿ.ಸಿ. ನಾಲೆ. ಕಬ್ಬು ಬಂತು, ಮಂಡ್ಯದಲ್ಲಿ ಮೈಷುಗರ್ ಫ್ಯಾಕ್ಟರಿ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆನೇ ಆಯ್ತು. ನಾವು ಓದ್ತಿರೋ ಕಾಲೇಜು ಫೀಸಲ್ಲೂ ಆ ನಾಲೆ ನೀರಿನ ಪಾಲಿದೆ. ಅದನ್ನ ಬೈಯೋಕೆ ನನಗೆ ಬಾಯಿ ಬರಲ್ಲ.

ಆದ್ರೆ ಒಂದು ಅಭ್ಯಾಸ ತಪ್ಪೋಯ್ತು. ನೀರು ಎಲ್ಲಿಂದಲೋ ಬರುತ್ತೆ ಅಂತಾದ ಮೇಲೆ ಊರ ಕಟ್ಟೆ ಹೂಳು ಎತ್ತೋರು ಯಾರು? ನಾಲೆ ಮುಂಭಾಗದ ಊರಿಗೆ ಇದು ಬೇಗ ಗೊತ್ತಾಗಲ್ಲ. ಮದ್ದೂರು, ಮಳವಳ್ಳಿಯ ಕೊನೇಭಾಗದ ರೈತರನ್ನ ಕೇಳಿ. ನೀರು ಬಿಟ್ರು ಅಂತ ಪೇಪರಲ್ಲಿ ಬಂದ್ರೂ ಗದ್ದೆಗೆ ಬಂದಿರಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬ್ಲೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ಆಗಿದ್ದು, ಹೆದ್ದಾರೀಲಿ ಕೂತಿದ್ದು ನಿಮಗೂ ನೆನಪಿರುತ್ತೆ. 49 ಟಿಎಂಸಿ ಕಟ್ಟೆ ಕೆಳಗಿದ್ದೂ ಮನೇಲಿ ಕೊಡ ಖಾಲಿ.

7/10
ಅದೇ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡ್ರು ನಾಲೆಗೆ ಕಾಯ್ಲಿಲ್ಲ. ಕುರಿ ಮೇಯಿಸ್ತಿದ್ದವರು. ಕುಂದಿನಿ ಬೆಟ್ಟದಲ್ಲಿ ಕುರಿಗಳಿಗೆ, ಕಾಡುಪ್ರಾಣಿ ಪಕ್ಷಿಗಳಿಗೆ ಕುಡಿಯೋಕೆ ನೀರಿಲ್ಲ ಅಂತ ಕಟ್ಟೆ ತೋಡೋಕೆ ಶುರು ಮಾಡಿದ್ರು. ಕುರಿ ಮಾರಿದ ದುಡ್ಡನ್ನೂ ಅದಕ್ಕೇ ಹಾಕಿದ್ರು. ಒಂದಾದ ಮೇಲೆ ಒಂದು, ಹದಿನಾಲ್ಕು, ಹದಿನಾರು ಕಟ್ಟೆ ಅಂತ ಸುದ್ದಿಗಳು ಹೇಳಿದ್ವು. 2018ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2020ರ ಜೂನ್‌ನಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ್ರು. 2022ರ ಅಕ್ಟೋಬರ್‌ನಲ್ಲಿ ತೀರ್ಕೊಂಡ್ರು.

ಅವರ ಕೆಲಸದಲ್ಲಿ ನನಗೆ ಹಿಡಿಸಿದ್ದು ಜಾಗದ ಆಯ್ಕೆ. ಬೆಟ್ಟದ ಇಳಿಜಾರಲ್ಲಿ, ನೀರು ಓಡಿಹೋಗೋಕೆ ಮುಂಚೆ, ಸಣ್ಣಸಣ್ಣದಾಗಿ ಹಿಡಿಯೋದು. ಮನೆಗೆ ಇಳಿಜಾರು ಯಾವುದು? ತಾರಸಿ.

8/10
ಬೆಂಗಳೂರಿಗೆ ಹೋಗೋ ಕಾವೇರಿ ನೀರು ಶುದ್ಧ ಆಗೋದು ಎಲ್ಲಿ ಗೊತ್ತಾ? ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿ, ಅಂದ್ರೆ ಟಿ.ಕೆ. ಹಳ್ಳಿ. 1974ರಲ್ಲಿ ಮೊದಲ ಹಂತ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ, ಅದೊಂದೇ ದಿನಕ್ಕೆ 77.5 ಕೋಟಿ ಲೀಟರ್. ಸುಮಾರು 100 ಕಿ.ಮೀ. ದೂರ, ಅದೂ ಎತ್ತರಕ್ಕೆ ಪಂಪ್ ಮಾಡ್ಬೇಕು.

ಆ ನೀರೇ ಬೇಡ ಅಂದ ಮನೆಯೊಂದು ಬೆಂಗಳೂರಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆ ಆವರಣದಲ್ಲಿರೋ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳೀಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರ "ಸೌರಭ". 1990ರ ದಶಕದ ಮಧ್ಯದಲ್ಲಿ, 40x60 ಸೈಟಲ್ಲಿ ಕಟ್ಟಿದ್ದು. ನಲ್ಲಿ ಸಂಪರ್ಕ ತಗೊಳ್ಳದೆ ಮಳೆ ನೀರಲ್ಲೇ ಸಂಸಾರ. ಕಟ್ಟೋಕೆ ಮುಂಚೆ ಅವರು ಮಾಡಿದ್ದು ಇಷ್ಟು: ಬೆಂಗಳೂರಿನ ನೂರು ವರ್ಷದ ಮಳೆ ದಾಖಲೆ ತೆಗೆದು, ಒಂದು ಒಳ್ಳೇ ಮಳೆಗೂ ಇನ್ನೊಂದಕ್ಕೂ ನಡುವೆ ಅತಿ ಹೆಚ್ಚು ಎಷ್ಟು ದಿನ ಅಂತ ನೋಡಿದ್ರು. ಸುಮಾರು 100 ದಿನ. ಮನೆಗೆ ದಿನಕ್ಕೆ 400 ಲೀಟರ್. ಗುಣಿಸಿದ್ರೆ 40,000. ಸ್ವಲ್ಪ ಕೈಹಿಡಿತಕ್ಕೆ ಸೇರಿಸಿ 45,000 ಲೀಟರ್ ತೊಟ್ಟಿಗಳು.

2009ರಲ್ಲಿ ಬೆಂಗಳೂರಿನ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ಆಗಿ ಮಳೆ ಕೊಯ್ಲು ಕಡ್ಡಾಯ ಆಯ್ತು. ಜಯನಗರದಲ್ಲಿ ಇದಕ್ಕೇ ಒಂದು ಥೀಮ್ ಪಾರ್ಕ್ ಇದೆ, ಬೆಂಗಳೂರಿಗೆ ಹೋದಾಗ ನೋಡಿ ಬನ್ನಿ.

9/10
ನೋಟ್ಸ್ ತೆಗೀರಿ. ಮೆಟೀರಿಯಲ್ ಕಂಟ್ರೋಲ್ ಚಾಪ್ಟರ್. ರೀ-ಆರ್ಡರ್ ಲೆವೆಲ್ = ಗರಿಷ್ಠ ಬಳಕೆ x ಗರಿಷ್ಠ ಕಾಯೋ ಅವಧಿ. ಮಳೆ ಅನ್ನೋ ಸಪ್ಲೈಯರ್ ಫೋನ್ ಎತ್ತಲ್ಲ, ನಾಲ್ಕು ತಿಂಗಳು ಅಂಗಡಿ ಮುಚ್ತಾನೆ. ಸೂತ್ರ ಅದೇ.

ಮದ್ದೂರು ತಾಲ್ಲೂಕಿನ ನಮ್ಮೂರಲ್ಲಿ ಈಗ ನಮ್ಮ ಮನೆ ಕಟ್ತಿದೀವಿ. ಅಪ್ಪ, ಅಮ್ಮ, ಅಜ್ಜಿ, ನಾನು. ಹೋದ ಬರಗಾಲದಲ್ಲಿ ಬೋರು ಬತ್ತಿ ಟ್ಯಾಂಕರ್‌ಗೆ ಕಾದಿದ್ದೀವಿ. ಬೋರಲ್ಲಿ ಬಂದ್ರೂ ಸವಳು ನೀರು, ಬೇಳೆ ಬೇಯಲ್ಲ. ಹಾಗಾಗಿ ಲೆಕ್ಕ ಹಾಕ್ದೆ.

ತಾರಸಿ 1,000 ಚದರ ಅಡಿ, ಅಂದ್ರೆ 93 ಚದರ ಮೀಟರ್. 700 ಮಿ.ಮೀ. ಮಳೆಗೆ ಸುಮಾರು 65,000 ಲೀಟರ್. ಆವಿ, ಸೋರಿಕೆ, ಮೊದಲ ಮಳೆ ಚೆಲ್ಲೋದು ಅಂತ 20% ಕಳೆದ್ರೆ 52,000.

ಎಲ್ಲಾ ಬಳಕೆಗೂ ತಲೆಗೆ 100 ಲೀಟರ್ ಅಂದ್ರೆ ವರ್ಷಕ್ಕೆ 1,46,000 ಬೇಕು. ಸಾಲಲ್ಲ. ಪೂರ್ತಿ ಸ್ವಾವಲಂಬಿ ಅಂತ ಹೇಳ್ಕೊಳ್ಳೋಕೆ ಆಗಲ್ಲ.

ಕುಡಿಯೋಕೆ, ಅಡಿಗೆಗೆ ಮಾತ್ರ ಅಂದ್ರೆ ತಲೆಗೆ 10, ದಿನಕ್ಕೆ 40, ವರ್ಷಕ್ಕೆ 14,600 ಲೀಟರ್. ಮಳೆ ಅರ್ಧಕ್ಕರ್ಧ ಕಮ್ಮಿ ಆದ ವರ್ಷಾನೂ 26,000 ಸಿಗುತ್ತೆ. ಸಾಕು.

ತೊಟ್ಟಿ ಎಷ್ಟು? ಡಿಸೆಂಬರ್‌ನಿಂದ ಮಾರ್ಚ್ 121 ದಿನ. ಮುಂಗಾರು ಪೂರ್ವ ಮಳೆ ತಡ ಆದ್ರೆ ಅಂತ ಒಂದು ತಿಂಗಳು ಸೇರಿಸಿ 150. ಇಂಟು 40, ಆರು ಸಾವಿರ ಲೀಟರ್. 7 ಅಡಿ ಉದ್ದ, 6 ಅಡಿ ಅಗಲ, 5 ಅಡಿ ನೀರು ನಿಲ್ಲೋ ಆಳ. ಒಂದು ಘನ ಅಡಿಗೆ 28.3 ಲೀಟರ್, ತಾಳೆ ನೋಡಿ.

"ಒಂದು ಸಂಪು ಸಾಕಲ್ವೇನೋ, ಎರಡಕ್ಕೆ ಖರ್ಚು ಯಾರು ಕೊಡ್ತಾರೆ?" ಅಂದ್ರು ಅಪ್ಪ. ಅಜ್ಜಿ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದೋರು, "ಕಟ್ಟೆಯಿಂದ ನಾನು ಹೊತ್ತಿರೋ ಕೊಡ ಎಣಿಸಿದ್ರೆ ಈ ಮನೆನೇ ತುಂಬ್ತದೆ ಕಣಪ್ಪ. ಹುಡುಗ ಹೇಳ್ದಂಗೆ ಮಾಡು" ಅಂದ್ರು. ಮೇಸ್ತ್ರಿ ಕಡೆ ಚೌಕಾಸಿ ಆಯ್ತು, ಕಾಂಪೌಂಡ್ ಎತ್ತರ ಎರಡು ವರಸೆ ಇಳೀತು. ಎರಡು ಸಂಪು: ಮಳೆ ನೀರಿಗೆ ಒಂದು, ಬೋರು ನೀರಿಗೆ ಒಂದು. ಅಕ್ಕ, ತಂಗಿ.

10/10
ನಿಮ್ಮ ಮನೇಲೂ ಮಾಡ್ಸೋದಾದ್ರೆ ಕೆರೆಯ ಐದು ಅಂಗ ನೆನಪಿಸ್ಕೊಳ್ಳಿ.

ಏರಿ: ಗೋಡೆ, ತಳ ಸೋರದ ಹಾಗೆ ಗಾರೆ, ಮೇಲೆ ಬಿಗಿ ಮುಚ್ಚಳ. ಬೆಳಕು ಬಿದ್ರೆ ಪಾಚಿ, ಸಂದಿ ಇದ್ರೆ ಸೊಳ್ಳೆ.
ಹೂಳು: ಮೊದಲ ಮಳೆ ತಾರಸಿ ಕಸ, ಹಕ್ಕಿ ಹಿಕ್ಕೆ ತೊಳೀಲಿ. ಅದನ್ನ ಹೊರಗೆ ಬಿಡೋಕೆ ಬೇರೆ ಪೈಪು, ವಾಲ್ವ್. ಆಮೇಲೆ ಜಲ್ಲಿ, ಮರಳು, ಇದ್ದಿಲಿನ ಸೋಸುತೊಟ್ಟಿ. ಸೋಸಿದ್ರೂ ಕುಡಿಯೋಕೆ ಮುಂಚೆ ಕುದಿಸಿ.
ತೂಬು: ನೀರು ಎತ್ತೋ ಪೈಪಿನ ಬಾಯಿ ತಳಕ್ಕಿಂತ ಅರ್ಧ ಅಡಿ ಮೇಲೆ.
ಕೋಡಿ: ತುಂಬಿದ ಮೇಲೆ ಹೆಚ್ಚಾದ ನೀರು ರಸ್ತೆಗಲ್ಲ, ಬೋರಿನ ಪಕ್ಕದ ಇಂಗುಗುಂಡಿಗೆ. ನಮ್ಮ ಲೆಕ್ಕದಲ್ಲಿ ಸಾಧಾರಣ ವರ್ಷ 37,000 ಲೀಟರ್ ಹೀಗೆ ನೆಲಕ್ಕೆ ವಾಪಸ್ ಹೋಗುತ್ತೆ.
ನೀರುಗಂಟಿ: ನಮ್ಮನೇಲಿ ನಾನು. ತಿಂಗಳಿಗೊಂದು ಸಲ ಕೋಲು ಇಳಿಸಿ ಅಳೆದು, ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಬರೆಯೋದು. ಓಪನಿಂಗ್ ಸ್ಟಾಕ್, ಕ್ಲೋಸಿಂಗ್ ಸ್ಟಾಕ್.

ತೊಣ್ಣೂರಿನವರಾಗ್ಲಿ, ಕನ್ನಂಬಾಡಿ ಕಟ್ಟಿದವರಾಗ್ಲಿ, ಕಾಮೇಗೌಡ್ರಾಗ್ಲಿ, ಶಿವಕುಮಾರ್ ಆಗ್ಲಿ ಎಣಿಸಿದ್ದು ಮಳೆ ಬರೋ ದಿನಾನಲ್ಲ, ಬರದೇ ಇರೋ ದಿನಾನ. ತೊಟ್ಟಿ ಅಳತೆ ಹುಟ್ಟೋದು ಅಲ್ಲೇ.

ನಿಮ್ಮೂರಲ್ಲಿ ಹಳೇ ಕಟ್ಟೆ ಎಲ್ಲಿತ್ತು ಅಂತ ಇವತ್ತು ಅಜ್ಜಿನೋ ತಾತನ್ನೋ ಕೇಳಿ. ಈಗ ಅಲ್ಲಿ ನೀರಿದ್ರೂ ಸರಿ, ಲೇಔಟ್ ಇದ್ರೂ ಸರಿ, ಫೋಟೋ ತೆಗೆದು ಕಳಿಸಿ, ಮುಂದಿನ ಸರಣೀಲಿ ಹಾಕ್ತೀನಿ. ಮನೆ ಕಟ್ಟಿಸ್ತಿರೋ ಫ್ರೆಂಡ್‌ಗೆ ಇದನ್ನ ತಳ ಹಾಕೋಕೆ ಮುಂಚೆ ಕಳಿಸಿ. ಆಮೇಲೆ ಕಳಿಸಿದ್ರೆ ಬರೀ ಇತಿಹಾಸ ಆಗುತ್ತೆ.

#ನಮ್ಮಮಂಡ್ಯ #ಮದ್ದೂರು #ಮಳವಳ್ಳಿ #ಮಳೆಕೊಯ್ಲು #ಕೆರೆಕಟ್ಟೆ #ನೀರಿನಲೆಕ್ಕ