ಅಡಕತ್ತರಿ, ಸಂಚಿ ಮತ್ತು ತಾಂಬೂಲದ ಅಂತಸ್ತು

ಎಲೆ, ಅಡಿಕೆ, ಸುಣ್ಣ ಕೂಡಿಸಿ ಬಾಯಿಗಿಡಲು ಬೇಕಾದ ಸಾಮಾನು ಕೆಲವೇ: ಅಡಿಕೆ ಹೋಳು ಮಾಡುವ ಅಡಕತ್ತರಿ, ಸುಣ್ಣದ ಡಬ್ಬಿ, ತಟ್ಟೆ ಇಲ್ಲವೆ ಸಂಚಿ, ಉಗುಳಲು ಪೀಕದಾನಿ. ಹೊಳಲ್ಕೆರೆ, ಹೊಸದುರ್ಗದ ತೋಟಗಳೂ ಭೀಮಸಮುದ್ರದ ಅಡಿಕೆ ವ್ಯಾಪಾರವೂ ಇರುವ ಚಿತ್ರದುರ್ಗ ಸೀಮೆಗೆ ಇವು ಹೊಸವೇನಲ್ಲ. ಇಂಥ ಬಳಕೆಯ ವಸ್ತುಗಳು ದೊಡ್ಡಸ್ತಿಕೆಯ ಗುರುತಾದದ್ದು ಬೆಳ್ಳಿಯಿಂದ ಎನ್ನುವುದು ವಾಡಿಕೆ. ಆದರೆ ಚರಿತ್ರೆಯನ್ನು ನೋಡಿದರೆ, ಲೋಹಕ್ಕಿಂತ ಹೆಚ್ಚಾಗಿ ಅಂತಸ್ತನ್ನು ಸಾರಿದ್ದು ಸಾಮಾನು ಹೊರುತ್ತಿದ್ದ ಕೈ.

ಚಾಲುಕ್ಯ ದೊರೆ 3ನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ತಾಂಬೂಲವನ್ನು ಅರಸನ ಭೋಗಗಳಲ್ಲಿ ಎಣಿಸುತ್ತದೆ. ಭೋಗವೆಂದ ಮೇಲೆ ಅದನ್ನು ಅಣಿಮಾಡಿ ಕೊಡುವವರೂ ಬೇಕು. ಹಡಪ ಎಂದರೆ ಎಲೆ ಅಡಿಕೆಯ ಚೀಲ; 12ನೆಯ ಶತಮಾನದ ವಚನಕಾರ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಆ ಕಾಯಕ ಉಳಿದಿದೆ. ‘ಹದಿಬದೆಯ ಧರ್ಮ’ ಬರೆದ ಹೊನ್ನಮ್ಮನಿಗೆ ‘ಸಂಚಿ’ ಎಂಬ ವಿಶೇಷಣ ಬಂದದ್ದು ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಚೀಲ ಹಿಡಿಯುವ ಊಳಿಗದಿಂದ. ಒಂದು ಚೀಲಕ್ಕೆ ಒಬ್ಬ ಆಳನ್ನೇ ಇಡಬಲ್ಲ ಮನೆಯ ಸಿರಿಯನ್ನು ಬೇರೆ ಯಾವ ಒಡವೆಯೂ ಅಷ್ಟು ಸ್ಪಷ್ಟವಾಗಿ ಹೇಳಲಾರದು.

ಹೊಲಗೆಲಸಕ್ಕೆ ಹೋಗುವವರ ಸೊಂಟದಲ್ಲೂ ಬಟ್ಟೆಯ ಸಂಚಿ ಇರುತ್ತದಲ್ಲ, ಹಾಗಿದ್ದಮೇಲೆ ಇದರಲ್ಲಿ ಮೇಲು ಕೀಳೆಲ್ಲಿ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ಮತ್ತು ಅದೇ ಈ ವಾದಕ್ಕೆ ಬಲ. ಚೀಲ ಒಂದೇ, ಒಳಗಿನ ಎಲೆಯೂ ಒಂದೇ. ತಾನೇ ಸಿಕ್ಕಿಸಿಕೊಂಡರೆ ಸಲಕರಣೆ, ಇನ್ನೊಬ್ಬರ ಕೈಗಿತ್ತರೆ ಪದವಿ. ನವಿಲು, ಗಿಳಿ, ಕುದುರೆಯ ಆಕಾರದ ಹಿತ್ತಾಳೆ ಅಡಕತ್ತರಿಗಳನ್ನು ಬರೀ ಡೌಲು ಎಂದು ತಳ್ಳಿಹಾಕುವುದೂ ಸಲ್ಲದು. ಗಟ್ಟಿ ಅಡಿಕೆಗೆ ಸನ್ನೆಯ ಬಲವೂ ಹರಿತವಾದ ಅಲಗೂ ಬೇಕೇ ಬೇಕು. ಎರಕದವನ ಕುಶಲತೆ ಆ ಅಗತ್ಯದ ಮೇಲೆ ಕೂತಿದೆ. ಅಗತ್ಯ ಡೌಲಾಗುವುದು ಎಲೆ ಅಡಿಕೆಯಲ್ಲಿ ಮಾತ್ರವಲ್ಲ; ಪೋರ್ಟ್ ಎಂಬ ಮದ್ಯದ ಸೀಸೆ ತೆರೆಯುವ ಇಕ್ಕಳದ ಕಥೆಯೂ ಹೀಗೆಯೇ. ಹಳೆಯ ಸೀಸೆಯ ಬಿರಡೆ ಪುಡಿಯಾಗುತ್ತದೆಂದು, ಕೆಂಪಗೆ ಕಾಯಿಸಿದ ಇಕ್ಕಳದಿಂದ ಸೀಸೆಯ ಕತ್ತು ಹಿಡಿದು, ಆಮೇಲೆ ಒದ್ದೆ ಬಟ್ಟೆ ಸೋಕಿಸಿ ಮುರಿಯುತ್ತಾರೆ. ಉಪಾಯವಾಗಿ ಹುಟ್ಟಿದ್ದು ಅತಿಥಿಗಳ ಮುಂದಿನ ಪ್ರದರ್ಶನವಾಯಿತು.

ತಾಂಬೂಲ ಆದರದ ಸಂಕೇತ, ಅಂತಸ್ತಿನದಲ್ಲ ಎಂಬುದು ಇನ್ನೊಂದು ಆಕ್ಷೇಪ. ಆದರ ನಿಜವೇ. ಆದರೆ ಸಭೆಯಲ್ಲಿ ಮೊದಲ ವೀಳ್ಯ ಯಾರಿಗೆ ಎಂಬ ಲೆಕ್ಕ ಹುಟ್ಟಿದಾಗ ಆದರದೊಳಗೇ ಸಾಲು ಏರ್ಪಡುತ್ತದೆ. ಅಡಿಕೆ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಮೇಲೂ ಮದುವೆ ಮನೆಯ ತಟ್ಟೆಯಲ್ಲಿ ಎಲೆ ಅಡಿಕೆ ಇದೆ. ಅದನ್ನು ಜಗಿಯದವರೂ ಎರಡು ಕೈ ಚಾಚಿ ತೆಗೆದುಕೊಳ್ಳುತ್ತಾರೆ.